ಎರಡು ಮಿಸ್ ಕಾಲ್, ಇಪ್ಪತ್ತು ರೊಟ್ಟಿ

ಜನವರಿ 6, ಸೋಮವಾರ
ನೀರು: 650

ಐವತ್ತೆಂಟು ರೊಟ್ಟಿ. ಹಂಚು ಇಳಿಸಿದಾಗ ಹನ್ನೆರಡೂಕಾಲು. ಕೆಳಗಿನ ಮನೆಯ ಪಾರವ್ವ ಬಂದು ಹಿಟ್ಟು ನಾದಿಕೊಡದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಒಬ್ಬಳೇ ನೂರೈವತ್ತು ಬಡಿಯುತ್ತಿದ್ದೆ… ಇರಲಿ.

ಹಳೆಯ ಫೋನ್ ಇವತ್ತು ಕಣ್ಣು ಮುಚ್ಚಿತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳವನ್ನೇ ನೂಕಿಬಿಟ್ಟಿದೆ. ನಿಗಡಿ ಚೌಕದ ರಿಪೇರಿಯವನು ಕೈಯಲ್ಲಿ ಹಿಡಿದು ನೋಡಿ ನಕ್ಕ. "ವಹಿನಿ, ಆತಾ ತರೀ ನವೀನ್ ಘ್ಯಾ," ಅಂದ ಮರಾಠಿಯಲ್ಲಿ, ಇನ್ನಾದರೂ ಹೊಸದು ತಗೊಳ್ಳಿ ಅಂತ. ನಗುವಂಥದ್ದೇನಿತ್ತೋ. ಒಂಬತ್ತು ವರ್ಷ ದುಡಿದಿದೆ. ಕೈ ತುಂಬ ಹಿಟ್ಟಿದ್ದರೂ ಮೊಣಕೈಯಿಂದ ಹಸಿರು ಗುಂಡಿ ಒತ್ತಿ ಹಲೋ ಅನ್ನಬಹುದಿತ್ತು.

ಸಂಜೆ ಇವರು ಚಾಕಣದ ಫ್ಯಾಕ್ಟರಿಯಿಂದ ಬರುವಾಗ ಹೊಸದು ತಂದರು. ಒಂದೂ ಗುಂಡಿ ಇಲ್ಲ. ಬರೀ ಕನ್ನಡಿ.

"ಎಲ್ಲಿ ಒತ್ತೂದ್ರಿ ಇದನ್ನ?" ಅಂದೆ.

"ಒತ್ತೂದಲ್ಲ, ಸವರೂದು."

ಸವರಿದೆ. ಏನೂ ಆಗಲಿಲ್ಲ. ಇವರು ಸವರಿದರು, ಆಯಿತು. ಗಂಡಸರ ಮಾತೇ ಕೇಳುತ್ತೆ ಅಂತ ಕಾಣುತ್ತೆ.

ಜನವರಿ 7, ಮಂಗಳವಾರ
ನೀರು: 500. ಡಯಾಲಿಸಿಸ್

ಬೆಳಿಗ್ಗೆ ಏಳರಿಂದ ಹನ್ನೊಂದು, ನಾಲ್ಕು ತಾಸು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಹೊಸ ಫೋನ್.

ಈ ನೋಟ್‌ಬುಕ್ ಕೊಟ್ಟವಳು ಇಲ್ಲಿಯ ಡಯಟೀಷಿಯನ್. ದಿನಕ್ಕೆ ಏಳುನೂರು ಎಂ.ಎಲ್. ಮೀರಬಾರದು, ಕುಡಿದದ್ದೆಲ್ಲ ಬರೆದಿಡಿ ಎಂದಿದ್ದಳು. ಬರೆಯುತ್ತಾ ಬರೆಯುತ್ತಾ ನೀರಿಗಿಂತ ಬೇರೆಯದೇ ಹೆಚ್ಚಾಯಿತು. ಆಕೆಗೆ ಕನ್ನಡ ಓದಲು ಬರುವುದಿಲ್ಲ. ನನ್ನ ಪುಣ್ಯ.

ಸ್ಪಂದನಾ ಮೇಡಂ ಬೆಡ್ ಹತ್ತಿರ ಬಂದಿದ್ದರು. ಕಿಡ್ನಿ ಲಿಸ್ಟ್ ನೋಡಿಕೊಳ್ಳುವ ಕೋಆರ್ಡಿನೇಟರ್. ಮಂಡ್ಯದ ಹುಡುಗಿ, ಈ ಆಸ್ಪತ್ರೆಯಲ್ಲಿ ಕನ್ನಡ ಮಾತಾಡುವ ಒಂದೇ ಜೀವ. ನಮ್ಮ ಯಜಮಾನರ ರಕ್ತದ ಗುಂಪು ನನಗೆ ಹೊಂದಲಿಲ್ಲ, ಅಣ್ಣನಿಗೆ ಶುಗರ್. ಹಾಗಾಗಿ ತೀರಿಕೊಂಡವರ ಕಿಡ್ನಿಗೆ ಕಾಯುವ ಈ ಲಿಸ್ಟ್. ಹೆಸರು ಹಚ್ಚಿ ಎರಡು ವರ್ಷ ಎರಡು ತಿಂಗಳಾಯಿತು.

"ಮೇಲೆ ಬಂದಿದೀರಾ ರೇಣುಕಾ ಅವರೇ," ಅಂದರು. "ನಿಮ್ಮ ಗ್ರೂಪಿನಲ್ಲಿ ಈಗ ಮೊದಲ ಐದರೊಳಗೆ. ಯಾವಾಗ ಬೇಕಾದ್ರೂ ಕಾಲ್ ಬರಬಹುದು. ಬಂದ್ರೆ ತೆಗೀಬೇಕು, ಅಷ್ಟೇ. ಅಂಗ ಯಾರಿಗೂ ಕಾಯಲ್ಲ."

ಆಸ್ಪತ್ರೆಯ ಡೆಸ್ಕ್ ನಂಬರನ್ನು ಅವರೇ ಹೊಸ ಫೋನಿನಲ್ಲಿ ಸೇವ್ ಮಾಡಿಕೊಟ್ಟರು. ಅದಕ್ಕೊಂದು ಬೇರೆ ಟ್ಯೂನ್ — ದೊಡ್ಡ ಗಂಟೆಯ ಶಬ್ದ. ಬಾರಿಸಿ ತೋರಿಸಿದರು. ಪಕ್ಕದ ಬೆಡ್ಡಿನ ಅಜ್ಜ ಬೆಚ್ಚಿಬಿದ್ದ.

ಆ ಗಂಟೆ ಬಡಿದರೆ ನಾನು ಬದುಕುತ್ತೇನೆ. ಇಷ್ಟೇ ಲೆಕ್ಕ.

ಜನವರಿ 8, ಬುಧವಾರ
ನೀರು: 700

ಇವತ್ತು ಈ ಕನ್ನಡಿಯನ್ನು ಒಲೆಗೆ ಹಾಕಬೇಕೆನಿಸಿತು.

ಬಂದ ಕರೆ ಎತ್ತಬೇಕೆಂದರೆ ಮೇಲಕ್ಕೆ ಎಳೆಯಬೇಕಂತೆ. ಕೆಳಕ್ಕೆ ಎಳೆದರೆ ಕಟ್. ಇದು ಯಾರ ಬುದ್ಧಿ? ಪಾರವ್ವ ಮೂರು ಸಲ ಮಾಡಿದಳು, ಮೂರು ಸಲವೂ ಕಟ್ ಮಾಡಿದೆ. ನಾಲ್ಕನೆಯ ಸಲ ಎತ್ತಿ ಕಿವಿಗೆ ಹಿಡಿದೆ — ಕೆನ್ನೆ ತಾಗಿ ಮತ್ತೆ ಕಟ್. ಪಾರವ್ವ ಮೆಟ್ಟಿಲು ಹತ್ತಿ ಬಂದು, "ನನ್ನ ಮ್ಯಾಲೆ ಸಿಟ್ಟೇನ ನಿನಗ?" ಅಂದಳು. ಉಪ್ಪು ಕೇಳಲು ಮಾಡಿದ್ದಳಂತೆ.

ಅದಕ್ಕಿಂತ ದೊಡ್ಡ ತೊಡಕು ನನ್ನ ಬೆರಳು. ಚಳಿಗಾಲ, ಕುಡಿಯುವ ನೀರು ಇಷ್ಟೇ, ಮೇಲೆ ಜೋಳದ ಹಿಟ್ಟು. ತುದಿಯೆಲ್ಲ ಒಣಗಿ ಬಿರುಕು ಬಿಟ್ಟಿದೆ. ಇಪ್ಪತ್ತು ವರ್ಷ ಸುಡು ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು. ಫೋನಿಗೆ ಇದು ಬೆರಳು ಅಂತಲೇ ಗೊತ್ತಾಗುವುದಿಲ್ಲ. ಒಣ ಬೆರಳಿಗೆ ಓಗೊಡುವುದಿಲ್ಲ. ಒದ್ದೆ ಬೆರಳಿಗೆ ಹುಚ್ಚು ಹಿಡಿದಂತೆ ಏನೇನೋ ತೆರೆಯುತ್ತೆ. ರೊಟ್ಟಿ ಬಡಿಯುವವಳ ಕೈ ಒಂದೋ ಹಿಟ್ಟು, ಇಲ್ಲವೇ ನೀರು. ನಡುವೆ ಇನ್ನೊಂದು ಕೈ ಎಲ್ಲಿಂದ ತರಲಿ?

ನನ್ನ ಗಿರಾಕಿಗಳು ಪುಣ್ಯವಂತರು, ಅವರಿಗೆ ನಾನು ಎತ್ತುವುದು ಬೇಕಿಲ್ಲ. ಒಂಬತ್ತರಿಂದ ಹನ್ನೆರಡು ನನ್ನ ಕೈ ಖಾಲಿ ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಒಂದು ಮಿಸ್ ಕಾಲ್ ಅಂದರೆ ಹತ್ತು ರೊಟ್ಟಿ. ಎರಡು ಅಂದರೆ ಇಪ್ಪತ್ತು. ಮಾತಿಲ್ಲ ಕತೆಯಿಲ್ಲ. ಮಧ್ಯಾಹ್ನ ಬಂದು ಬಾಗಿಲು ತಟ್ಟುತ್ತಾರೆ, ಒಯ್ಯುತ್ತಾರೆ. ಗುರುತಿಲ್ಲದ ನಂಬರಾದರೂ ಮಾಡಿಡುತ್ತೇನೆ. ಯಾರೋ ಯಾರಿಗೋ ಹೇಳಿರುತ್ತಾರೆ, ಬಂದೇ ಬರುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ರೊಟ್ಟಿಯೂ ಉಳಿದಿಲ್ಲ.

ಜನವರಿ 10, ಶುಕ್ರವಾರ
ನೀರು: 700, ಮತ್ತೆ ಒಂದು ತುಂಡು ಐಸ್

ಬೆಳಿಗ್ಗೆಯಿಂದ ಒಂಬತ್ತು ಫೋನ್. ಲೋನ್ ಬೇಕಾ. ಕಾರ್ಡ್ ಬೇಕಾ. ಕಾತ್ರಜ್‌ನಲ್ಲಿ ಫ್ಲ್ಯಾಟ್ ಬೇಕಾ. ಗಂಟೆಯ ಶಬ್ದವಲ್ಲದಿದ್ದರೂ ಪ್ರತಿಯೊಂದಕ್ಕೂ ಆಸ್ಪತ್ರೆಯೇನೋ ಅನಿಸುತ್ತೆ. ಕೈ ತೊಳೆದು, ಒರೆಸಿ, ಬೆರಳಿಗೆ ಉಗುಳು ಹಚ್ಚಿ ಎಳೆದರೆ, ಯಾರೋ ಹುಡುಗಿ ಹಿಂದಿಯಲ್ಲಿ ಹಾಡಿದ ಹಾಗೆ ಮಾತಾಡುತ್ತಾಳೆ. ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಎರಡು.

ಸಂಜೆ ಇವರ ಮುಂದೆ ಅತ್ತುಬಿಟ್ಟೆ. ಫೋನಿಗೆ ಅಳುವುದೇ? ಆದರೂ ಅತ್ತೆ.

ಇವರು ಫೋನ್ ತೆಗೆದುಕೊಂಡು ಅದರ ಸೆಟ್ಟಿಂಗಿನಲ್ಲಿ ಏನೋ ಹುಡುಕಿದರು. "ತಗೋ. ಗುರುತಿಲ್ಲದ ನಂಬರ್ ಇನ್ನ ಬಡಿಯೂದಿಲ್ಲ. ಬಂದದ್ದು ಲಿಸ್ಟಿನಾಗ ಇರತದ, ಬೇಕಾದ್ರ ಆಮ್ಯಾಲೆ ನೋಡ್ಕೋ."

"ಆಸ್ಪತ್ರಿದು?"

"ಅದು ಸೇವ್ ಅದ. ಗಂಟಿ ಬಡೀತದ. ನೀ ಹೆದರಬ್ಯಾಡ."

ಇಂಟರ್‌ನೆಟ್ಟನ್ನೂ ಬಂದ್ ಮಾಡಿಸಿದೆ. ಬೆಳಗಾದರೆ ಐವತ್ತು ಜನರ ಗುಡ್ ಮಾರ್ನಿಂಗ್ ಹೂವು ನನಗೇಕೆ?

ಜನವರಿ 12, ಭಾನುವಾರ
ನೀರು: 650

ಎರಡು ದಿನದಿಂದ ಮನೆ ಶಾಂತ. ಒಪ್ಪಿಕೊಳ್ಳಬೇಕು, ಈ ಕನ್ನಡಿಯಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಒಂದೇ ನಂಬರಿನಿಂದ ಎರಡು ಸಲ ಬಂದರೆ ಪಕ್ಕದಲ್ಲಿ ಬ್ರಾಕೆಟ್ ಹಾಕಿ (2) ಅಂತ ತೋರಿಸುತ್ತೆ. ಮೊದಲು ಪಾರವ್ವ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತಿದ್ದಳು. ಈಗ ಕೈ ತೊಳೆದು ಒಮ್ಮೆ ಲಿಸ್ಟ್ ನೋಡಿದರೆ ಸಾಕು — ಬ್ರಾಕೆಟ್ ಇಲ್ಲದ್ದು ಹತ್ತು, (2) ಅಂದರೆ ಇಪ್ಪತ್ತು. ಈ ಫೋನ್ ತಯಾರಿಸಿದವನಿಗೂ ನಮ್ಮ ರೊಟ್ಟಿಯ ಲೆಕ್ಕ ಗೊತ್ತಿತ್ತೋ ಏನೋ.

ನಾಳೆ ಭೋಗಿ, ಸಂಕ್ರಾಂತಿಯ ಹಿಂದಿನ ದಿನ. ಸಜ್ಜೆ ರೊಟ್ಟಿ, ಮೇಲೆ ಎಳ್ಳು. ನಮ್ಮವರಿಗೂ ಬೇಕು, ಮರಾಠಿಯವರಿಗೂ ಬೇಕು. ಈಗಲೇ ಎಪ್ಪತ್ತಕ್ಕೆ ಹೇಳಿದ್ದಾರೆ. ಇವರು ಬೇಡ ಅಂದರು. ವರ್ಷಕ್ಕೊಮ್ಮೆ ಅಂದೆ.

ಜನವರಿ 13, ಸೋಮವಾರ. ಭೋಗಿ
ಮಧ್ಯಾಹ್ನ 12.30. ನೀರು: 400 ಇಲ್ಲಿಯವರೆಗೆ

ಎಪ್ಪತ್ತೆರಡು ಆಯಿತು. ಸೊಂಟ ಹೋಯಿತು. ಪಾರವ್ವ ಹಬ್ಬದ ಅಡುಗೆಗೆ ಇಳಿದುಹೋದಳು. ಲಿಸ್ಟ್ ನೋಡಿದರೆ ಇನ್ನೂ ಒಂದಿದೆ. ಗುರುತಿಲ್ಲದ ನಂಬರು. ಪಕ್ಕದಲ್ಲಿ (2).

ಇಪ್ಪತ್ತು. ಹಿಟ್ಟೂ ಅಷ್ಟೇ ಉಳಿದಿದೆ. ಹಬ್ಬದ ದಿನ ಯಾರನ್ನೋ ಬರಿಗೈಯಲ್ಲಿ ಕಳಿಸುವುದೆಂದರೆ ಮನಸ್ಸು ಒಪ್ಪದು. ಹಂಚು ಮತ್ತೆ ಏರಿಸುತ್ತೇನೆ.

ಮಧ್ಯಾಹ್ನ 3.15

ಎಲ್ಲರೂ ಒಯ್ದರು. ಈ ಇಪ್ಪತ್ತು ಮಾತ್ರ ಬುಟ್ಟಿಯಲ್ಲಿ ಕೂತಿವೆ. ಯಾರು ಈ ಮನುಷ್ಯ? ನಿಂತು ನಿಂತು ಪಾದ ಊದಿದೆ ನನಗೆ. ಅವನು ಎಲ್ಲೋ ಉಂಡು ಮಲಗಿರಬೇಕು.

3.40

ಆ ನಂಬರಿಗೆ ಫೋನ್ ಮಾಡೇ ಬಿಡುತ್ತೇನೆ. ಎರಡು ಮಾತು ಆಡದಿದ್ದರೆ ನನಗೆ ಸಮಾಧಾನವಿಲ್ಲ.

ಜನವರಿ 18, ಶನಿವಾರ
ನೀರು: ಗೊತ್ತಿಲ್ಲ. ಡಯಾಲಿಸಿಸ್

ಐದು ದಿನ ಬರೆಯಲಿಲ್ಲ. ಇವತ್ತು ನಾಲ್ಕು ತಾಸು ಮೇಲ್ಛಾವಣಿ ನೋಡುತ್ತಾ ಮಲಗಿದಾಗ, ಬರೆಯದಿದ್ದರೆ ಇದು ಒಳಗೇ ಕೊಳೆಯುತ್ತೆ ಎನಿಸಿತು.

ಆ ದಿನ ಆ ನಂಬರಿಗೆ ಮಾಡಿದೆ. ಎತ್ತಿದ ಕೂಡಲೇ ಮರಾಠಿಯಲ್ಲಿ ಶುರುಮಾಡಿದೆ — ಇಪ್ಪತ್ತು ಭಾಕರಿ ಹೇಳಿ ಮನೆಯಲ್ಲಿ ಕೂತಿದ್ದೀರಲ್ಲ, ಹಬ್ಬದ ದಿನ ಕಾಯಿಸುತ್ತೀರಲ್ಲ, ಸ್ವಲ್ಪವಾದರೂ ನಾಚಿಕೆ ಇದೆಯಾ ಅಂತ.

ಆ ಕಡೆಯಿಂದ ಕನ್ನಡ ಬಂತು.

"ರೇಣುಕಾ ಅವರೇ? ನಾನು ಸ್ಪಂದನಾ."

ಆಗಲೂ ನನಗೆ ತಿಳಿಯಲಿಲ್ಲ. ನಿಮಗೂ ರೊಟ್ಟಿ ಬೇಕಿತ್ತೇನ್ರಿ ಮೇಡಂ, ಮೊದಲೇ ಹೇಳಬಾರದೇ ಎಂದೆ. ನಗುತ್ತಾ ಹೇಳಿದೆ.

"ಹತ್ತೂ ಐವತ್ತಕ್ಕೆ ಮಾಡಿದೆ. ಹನ್ನೊಂದೂಕಾಲಿಗೆ ಮತ್ತೆ ಮಾಡಿದೆ. ಡೆಸ್ಕಿನಲ್ಲಿ ಇನ್ನೊಂದು ಕಾಲ್ ನಡೀತಿತ್ತು, ಅದಕ್ಕೆ ನನ್ನ ಮೊಬೈಲಿಂದ ಮಾಡಿದೆ. ನಿಮ್ಮ ಯಜಮಾನರಿಗೂ ಮಾಡಿದೆ, ವಾಟ್ಸಾಪ್ ಹಾಕಿದೆ. ಯಾರೂ ತೆಗೀಲಿಲ್ಲ. ನೀವೇ ಮೊದಲು ಇದ್ರಿ, ರೇಣುಕಾ ಅವರೇ. ಹನ್ನೆರಡೂವರೆವರೆಗೆ ಕಾದ್ವಿ."

"ಈಗ ಬರ್ತೀನ್ರಿ. ಈಗಿಂದೀಗ ರಿಕ್ಷಾ ಹಿಡದು ಬರ್ತೀನಿ."

"ಲಿಸ್ಟಲ್ಲಿ ಎರಡನೆಯವರನ್ನೂ ಕರೆಸಿದ್ವಿ, ಇಲ್ಲೇ ಬಂದು ಕೂತಿದ್ರು. ಅವರನ್ನ ಆಪರೇಷನ್ ಥಿಯೇಟರ್‌ಗೆ ಕರ್ಕೊಂಡು ಹೋದ್ರು."

ಹನ್ನೆರಡೂವರೆ. ಅದೇ ಹೊತ್ತಿಗೆ ನಾನು ಹಂಚು ಮತ್ತೆ ಏರಿಸಿದ್ದೆ. ನನ್ನ ಕಿಡ್ನಿ ಬಂದಿದೆ ಎಂದು ಕರೆದವರಿಗೆ ಇಪ್ಪತ್ತು ಸಜ್ಜೆ ರೊಟ್ಟಿ ಬಡಿದೆ. ಎಳ್ಳು ಹಚ್ಚಿ.

ಇವರ ಫೋನ್ ಫ್ಯಾಕ್ಟರಿಯ ಲಾಕರಿನಲ್ಲಿತ್ತು. ಮಷೀನ್ ಹತ್ತಿರ ಒಯ್ಯಲು ಬಿಡುವುದಿಲ್ಲ. ಅದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಆಸ್ಪತ್ರೆಗೆ ಇವರದನ್ನು ಎರಡನೇ ನಂಬರ್ ಅಂತ ಕೊಡುವಾಗ ಇಬ್ಬರೂ ಯೋಚಿಸಲಿಲ್ಲ.

ಜನವರಿ 22, ಬುಧವಾರ
ನೀರು: 700

ಇವರು ನನ್ನೊಂದಿಗೆ ಮಾತಾಡುತ್ತಿಲ್ಲ. ಸಿಟ್ಟಲ್ಲ. ಮುಖ ನೋಡಲು ಆಗುತ್ತಿಲ್ಲ. ಆ ಇಪ್ಪತ್ತು ರೊಟ್ಟಿ ಒಣಗಿ ಕಟಕಾಗಿವೆ. ಅವನ್ನು ಡಬ್ಬದಲ್ಲಿಟ್ಟುಕೊಂಡು ದಿನಕ್ಕೆರಡು ತಿನ್ನುತ್ತಿದ್ದಾರೆ. ಬಿಸಿ ರೊಟ್ಟಿ ಹಾಕಿದೆ, ತಟ್ಟೆ ಸರಿಸಿದರು.

"ಯಾಕ್ರಿ ಹಿಂಗ ಮಾಡ್ತೀರಿ? ಚೆಲ್ಲಿಬಿಡೂಣು."

"ನಂಬರ್ ಬಂದ್ ಮಾಡಿದಾಂವ ನಾ. ನಾನ ತಿಂತೀನಿ."

ಪಾಪ ಅನಿಸಿತು. ಜೊತೆಗೇ ಸಿಟ್ಟೂ ಬಂತು. ತಪ್ಪನ್ನು ಇವರು ತಿಂದು ಮುಗಿಸಿದರೆ ನನ್ನ ಪಾಲಿಗೆ ಏನು ಉಳಿಯಿತು?

ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿದೆ. ಆ ಎರಡನೆಯವರು. ಹೆಂಗಸೋ ಗಂಡಸೋ. ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದರಲ್ಲ. ಮೊದಲಿನವರು ಎತ್ತುತ್ತಿಲ್ಲ ಎಂದು ಅವರಿಗೆ ಗೊತ್ತಿತ್ತಲ್ಲ. "ಇನ್ನೊಂದು ಸಲ ಮಾಡಿ ನೋಡಿ" ಎಂದಿದ್ದರೆ ಅವರ ನಾಲಿಗೆ ಸವೆಯುತ್ತಿತ್ತೇ? ಒಂದು ಮಾತು. ಅವರು ಚೆನ್ನಾಗಿರಲಿ ಅಂತ ಹಾರೈಸಲು ಪ್ರಯತ್ನಿಸಿದೆ. ಆಗಲಿಲ್ಲ. ಇಲ್ಲಿ ಸುಳ್ಳು ಏಕೆ ಬರೆಯಲಿ.

ಜನವರಿ 26, ಭಾನುವಾರ
ನೀರು: 600

ಮಿಸ್ ಕಾಲ್ ಬಂದ್. ಎಲ್ಲ ಗಿರಾಕಿಗಳಿಗೂ ಹೇಳಿಬಿಟ್ಟೆ — ಹಿಂದಿನ ದಿನ ಸಂಜೆ ಬಂದು ಹೇಳಿ, ಇಲ್ಲವಾದರೆ ಇಲ್ಲ. ಅರ್ಧ ಜನ ಹೋದರು. ಹೋಗಲಿ.

ನಿನ್ನೆ ಡಯಾಲಿಸಿಸ್‌ಗೆ ಹೋದಾಗ ಸ್ಪಂದನಾ ಮೇಡಂಗೂ ಹೇಳಿದೆ. "ನನಗ ಮಾತ್ರ ಮೊಬೈಲಿಂದ ಹಚ್ಚಬ್ಯಾಡ್ರಿ. ಡೆಸ್ಕ್ ಫೋನಿಂದನ ಹಚ್ಚ್ರಿ. ನಿಮ್ಮದು ನನ್ನ ಫೋನಿಗೆ ಗುರುತಿಲ್ಲ."

ಅವರು ನನ್ನ ಫೈಲ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡರು. ಅವರ ಕಣ್ಣೂ ಕೆಂಪಾಗಿತ್ತು. ಆ ಹುಡುಗಿಯ ಮೇಲೆ ಸಿಟ್ಟು ಮಾಡಲು ನನ್ನಿಂದಾಗದು.

ಅವರ ಮೊಬೈಲ್ ನಂಬರನ್ನೂ ಸೇವ್ ಮಾಡಿಸಿದೆ. ಅದಕ್ಕೂ ಗಂಟೆ. ಇವರು ಬಂದ್ ಮಾಡಿದ್ದನ್ನೆಲ್ಲ ತೆರೆಸಿದೆ. ಲೋನಿನ ಹುಡುಗಿಯರು ಮತ್ತೆ ಬಂದರು. ಬರಲಿ, ಎಲ್ಲರದೂ ಎತ್ತುತ್ತೇನೆ. ಒಬ್ಬಳಿಗೆ, "ತಂಗಿ, ನಿನ್ನ ಧ್ವನಿ ಚಲೋ ಅದ, ಬ್ಯಾರೆ ಕೆಲಸ ನೋಡ್ಕೋ" ಅಂದೆ. ಅವಳಿಗೆ ಕನ್ನಡ ಬರದು.

ಫೆಬ್ರವರಿ 2, ಭಾನುವಾರ
ನೀರು: 700

ಪ್ರಾಕ್ಟೀಸ್. ಪಾರವ್ವ ಕೆಳಗಿನಿಂದ ದಿನಕ್ಕೆ ಹತ್ತು ಸಲ ಮಾಡುತ್ತಾಳೆ. ಯಾವಾಗ ಮಾಡುತ್ತಾಳೆಂದು ಹೇಳುವುದಿಲ್ಲ. ನಾನು ಎತ್ತಬೇಕು.

ಮೊದಲ ದಿನ ಹತ್ತರಲ್ಲಿ ನಾಲ್ಕು. ಒಣ ಬೆರಳು ಕೇಳಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ, ಜಾರಿತು. ಹೆಬ್ಬೆರಳ ಬುಡ, ಮಣಿಕಟ್ಟು, ಮೊಣಕೈ ಎಲ್ಲ ನೋಡಿದೆ. ಮೊಣಕೈಗೆ ಎಳೆಯಲು ಬರುವುದಿಲ್ಲ. ಗಲ್ಲದಿಂದ ಎಳೆದರೆ ಕೆಳಗೆ ಹೋಗಿ ಕಟ್ ಆಗುತ್ತೆ.

ನಿನ್ನೆ ಕೈ ತುಂಬ ಹಿಟ್ಟಿದ್ದಾಗ ಬಂತು. ಸಿಟ್ಟಿನಲ್ಲಿ ಬಗ್ಗಿ ಮೂಗಿನಿಂದ ಮೇಲಕ್ಕೆ ಉಜ್ಜಿದೆ. ಎತ್ತಿಕೊಂಡಿತು!

"ಹಲೋ" ಅಂದೆ, ಫೋನಿನ ಮೇಲೇ ಬಾಗಿ.

"ಏನ ಉಸಿರ ಹಾಕಾಕತ್ತೀಯ, ಎಮ್ಮಿ ಹಂಗ," ಅಂದಳು ಪಾರವ್ವ.

"ಮೂಗಿನಿಂದ ಎತ್ತೀನಿ."

ಆ ಕಡೆ ಪಾರವ್ವ ಕಿಸಕ್ಕೆಂದಳು. ಆಮೇಲೆ ಇಬ್ಬರೂ ನಕ್ಕೆವು. ಭೋಗಿಯ ನಂತರ ಮೊದಲ ಸಲ. ಇವತ್ತು ಹತ್ತಕ್ಕೆ ಹತ್ತು. ಮೂಗಿನ ತುದಿ ಕೆಂಪಾಗಿದೆ.

ಫೆಬ್ರವರಿ 13, ಗುರುವಾರ
ನೀರು: 500. ಡಯಾಲಿಸಿಸ್

ಸೂಜಿ ಹಾಕುವ ಎಡಗೈಯ ರಕ್ತನಾಳಕ್ಕೆ ತೊಂದರೆ ಶುರುವಾಗಿದೆ. ಮೆಷಿನ್ ಮೂರು ಸಲ ಕೂಗಿಕೊಂಡಿತು. ಡಾಕ್ಟರ್ ಮುಟ್ಟಿ ನೋಡಿದರು. ಇದು ಮುಚ್ಚಿಕೊಂಡರೆ ಬೇರೆ ಜಾಗ ಹುಡುಕಬೇಕು, ನಿಮ್ಮಲ್ಲಿ ಹೆಚ್ಚು ಜಾಗ ಉಳಿದಿಲ್ಲ ಎಂದರು. ಮರಾಠಿಯಲ್ಲಿ ನಯವಾಗಿ ಹೇಳಿದರು. ಅರ್ಥ ನಯವಾಗಿರಲಿಲ್ಲ.

ಇವರು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, "ಬರತದ ಬಿಡು, ಫೋನ್," ಅಂದರು. ಅಷ್ಟೇ.

ಹೆದರಿಕೆಯಾಗಿದೆ. ನನಗಿನ್ನೂ ನಲವತ್ಮೂರು.

ಫೆಬ್ರವರಿ 21, ಶುಕ್ರವಾರ
ಆಸ್ಪತ್ರೆ. ಮಧ್ಯಾಹ್ನ 12.20. ನೀರು: ಸೊನ್ನೆ. ಹನಿಯೂ ಕುಡಿಯಬಾರದು ಎಂದಿದ್ದಾರೆ

ಗಂಟೆ ಬಡಿಯಿತು.

ಹನ್ನೊಂದಕ್ಕೆ. ಎರಡೂ ಕೈ ಹಿಟ್ಟು ನಾದುವ ಪರಾತದಲ್ಲಿ. ಬಗ್ಗಿದೆ, ಮೂಗು, ಮೇಲಕ್ಕೆ. "ರೇಣುಕಾ ಅವರೇ, ತಕ್ಷಣ ಹೊರಡಿ, ಏನೂ ತಿನ್ನಬೇಡಿ." ಹಿಟ್ಟು ಹಾಗೇ ಬಿಟ್ಟು ಬಂದೆ. ಪಾರವ್ವ ರಿಕ್ಷಾ ನಿಲ್ಲಿಸಿದಳು, ಇವರ ಫ್ಯಾಕ್ಟರಿಯ ಗೇಟಿಗೂ ಫೋನ್ ಮಾಡಿಸಿದಳು. ಉಗುರಿನಲ್ಲಿ ಇನ್ನೂ ಹಿಟ್ಟಿದೆ. ರಕ್ತ ತೆಗೆದುಕೊಂಡರು. ಕಾರಿಡಾರಿನಲ್ಲಿ ಕೂರಿಸಿದ್ದಾರೆ. ಚೀಲದಲ್ಲಿ ಕೈ ಹಾಕಿದರೆ ಈ ನೋಟ್‌ಬುಕ್ ಇತ್ತು. ಬರೆಯುತ್ತಾ ಕೂತಿದ್ದೇನೆ.

12.50

ನಾನು ಎರಡನೆಯವಳು.

ಕಿಡ್ನಿ ಒಂದೇ ಬಂದಿದೆ. ಮೊದಲ ಹೆಸರು ಬೇರೆಯವರದು. ಅವರಿಗೆ ಏನಾದರೂ ಅಡ್ಡಿ ಬಂದರೆ ಮಾತ್ರ ನನಗೆ. ಸ್ಪಂದನಾ ಮೇಡಂ ಬಂದು ಹೇಳಿದರು.

"ಅವರು ಬಂದಾರೇನ್ರಿ?"

"ಇಲ್ಲ… ಕಾಲ್ ತೆಗೀತಾ ಇಲ್ಲ. ಎರಡು ಸಲ ಮಾಡಿದೆ. ರಿಂಗ್ ಆಗಿ ಕಟ್ ಆಗುತ್ತೆ. ಮನೆಯವರದು ಸ್ವಿಚ್ ಆಫ್." ಆಮೇಲೆ ತಗ್ಗಿದ ಧ್ವನಿಯಲ್ಲಿ, "ಒಂದೂವರೆವರೆಗೆ ನೋಡ್ತೀವಿ. ಆಮೇಲೆ ನಿಮ್ಮದೇ."

ಅವರ ಕೈಯಲ್ಲಿ ಮೊಬೈಲಿತ್ತು. ಅವರದೇ ಮೊಬೈಲು.

1.05

ಇವರು ಬಂದರು. ಯೂನಿಫಾರ್ಮಿನಲ್ಲೇ, ಎಣ್ಣೆಯ ಕೈಯಲ್ಲೇ. ವಿಷಯ ಹೇಳಿದೆ. ಹೇಳುತ್ತಿದ್ದಂತೆ ನನ್ನ ಮುಖದಲ್ಲಿ ಏನು ಕಂಡಿತೋ, ಕುರ್ಚಿ ಎಳೆದು ಎದುರಿಗೆ ಕೂತರು.

"ರೇಣು. ಸುಮ್ನ ಕೂಡು."

"ನಾ ಏನಂದೆ?"

"ಏನೂ ಅಂದಿಲ್ಲ. ಅನಬ್ಯಾಡ. ಕೈ ಮುಗಿತೀನಿ ನಿನಗ. ಇಪ್ಪತ್ತೈದು ಮಿನಿಟ್ ಬಾಯಿ ಮುಚ್ಕೊಂಡು ಕೂಡು."

ಸುಮ್ಮನೆ ಕೂತಿದ್ದೇನೆ. ನಿಜ ಬರೆಯುತ್ತೇನೆ — ಎತ್ತದಿರಲಿ ಅಂತ ಬೇಡುತ್ತಿದ್ದೇನೆ. ಅವರು ಸ್ನಾನಕ್ಕೆ ಹೋಗಿರಲಿ. ಫೋನ್ ಹಾಸಿಗೆಯ ಕೆಳಗೆ ಸೇರಿರಲಿ. ಅರ್ಧ ಗಂಟೆ ಸಾಕು. ನನ್ನ ಎಡಗೈಯನ್ನು ನೋಡಿಕೊಳ್ಳುತ್ತಿದ್ದೇನೆ. ಹಗ್ಗದಂತೆ ಉಬ್ಬಿದೆ. ನನಗೂ ಬದುಕುವ ಆಸೆಯಿದೆ. ಒಂದು ತಂಬಿಗೆ ನೀರನ್ನು ಗಟಗಟ ಕುಡಿಯುವ ಆಸೆಯಿದೆ.

1.14

ಆ ಕುರ್ಚಿ ಇದೇ.

ಭೋಗಿಯ ದಿನ ಆ ಇನ್ನೊಬ್ಬರು ಕೂತಿದ್ದು ಇಲ್ಲೇ. ಅವರೂ ಗಡಿಯಾರ ನೋಡಿರಬೇಕು. ಅವರ ಮುಂದೆಯೂ ಯಾರೋ ಕೈ ಮುಗಿದಿರಬೇಕು. ಅವರಿಗೆ ನನ್ನ ಹಿಟ್ಟಿನ ಕೈ ಕಾಣಲಿಲ್ಲ. ಕಾಣುವುದು ಹೇಗೆ?

ನನಗೆ ಕಾಣುತ್ತಿದೆ. ಅದೇ ತೊಂದರೆ. ರಿಂಗ್ ಆಗಿ ಕಟ್ ಆಗುತ್ತೆ ಅಂದರೆ ಫೋನ್ ಕೈಯಲ್ಲಿದೆ. ಯಾರೋ ಎಳೆಯುತ್ತಿದ್ದಾರೆ, ತಪ್ಪು ಕಡೆ ಎಳೆಯುತ್ತಿದ್ದಾರೆ. ಅಥವಾ ಲೋನಿನವರೆಂದು ಕಟ್ ಮಾಡುತ್ತಿದ್ದಾರೆ, ಗುರುತಿಲ್ಲದ ನಂಬರು ಅಂತ. ಆಸ್ಪತ್ರೆಯ ನಂಬರ್ ಬಂದರೆ ಮಾತ್ರ ಜೀವ ಹಿಡಿದುಕೊಂಡು ಎತ್ತೋಣ ಎಂದು ಕಾಯುತ್ತಿದ್ದಾರೆ.

ಈ ಆಸ್ಪತ್ರೆಯಲ್ಲಿ ಇದು ಗೊತ್ತಿರುವವಳು ನಾನೊಬ್ಬಳೇ.

1.18

ಎದ್ದೆ. ಇವರು ಸೆರಗು ಹಿಡಿದರು.

"ರೇಣು, ಬ್ಯಾಡ. ಆ ರೊಟ್ಟಿ ಇನ್ನೂ ಗಂಟಲದಾಗ ಅದಾವ ನನಗ."

"ನನಗೂ ಅದಾವ್ರಿ," ಅಂದೆ. ಬಿಟ್ಟರು.

ಡೆಸ್ಕಿಗೆ ಹೋದೆ.

"ಮೇಡಂ, ಇನ್ನೊಮ್ಮೆ ಹಚ್ಚ್ರಿ. ಮೊಬೈಲಿಂದ ಬ್ಯಾಡ. ಈ ಡೆಸ್ಕ್ ಫೋನಿಂದ. ಇದನ್ನ ಅವರು ಸೇವ್ ಮಾಡಿಟ್ಟಿರತಾರ. ಇದಕ್ಕ ಗಂಟಿ ಇಟ್ಟಿರತಾರ."

ಸ್ಪಂದನಾ ಮೇಡಂ ನನ್ನನ್ನೇ ನೋಡಿದರು. "ರೇಣುಕಾ ಅವರೇ, ಅವರು ತೆಗೆದ್ರೆ…"

"ಗೊತ್ತದರಿ. ಹಚ್ಚ್ರಿ."

1.22

ಹಚ್ಚಿದರು. ಡೆಸ್ಕಿನ ಪಕ್ಕದ ಬೆಂಚಿನಲ್ಲಿ ಕೂತಿದ್ದೇನೆ. ರಿಂಗ್ ಇಲ್ಲಿಯವರೆಗೆ ಕೇಳಿಸುತ್ತಿದೆ. ಇವರು ಗೋಡೆಗೆ ಹಣೆ ಹಚ್ಚಿ ನಿಂತಿದ್ದಾರೆ.

ಎಣಿಸುತ್ತಿದ್ದೇನೆ. ಎರಡು. ಮೂರು.

ಎತ್ತಬೇಡ ಎನ್ನುತ್ತಿದೆ ಒಳಗೆ ಒಂದು ದನಿ. ಅದೂ ನಾನೇ.

ನಾಲ್ಕು. ಮೇಲಕ್ಕೆ ಎಳಿ. ಕೆಳಕ್ಕಲ್ಲ, ಮೇಲಕ್ಕೆ. ಐದು. ಬೆರಳು ಒಣಗಿದ್ದರೆ ಮೂಗಿನಿಂದ ಎತ್ತು, ಯಾರಿದ್ದೀಯೋ, ಯಪ್ಪಾ, ಯವ್ವಾ. ಆರು. ಏಳು —